ಹಾಳಪೇಟೆಯ ವಾರಸುದಾರ

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗಾದಿ ಹೊಲಿದು ಬದುಕುತ್ತಿದ್ದ ಕಾಶೀಂಸಾಬ ನದಾಫನನ್ನು ಯಾರೂ ಸುಳ್ಳುಗಾರ ಎಂದು ಕರೆಯುತ್ತಿರಲಿಲ್ಲ. ಮಾತು ತೀರ ತೆಳ್ಳಗೆ ಕಂಡರೆ ಅದರೊಳಗೆ ಒಂದಿಷ್ಟು ಹತ್ತಿ ತುಂಬುತ್ತಿದ್ದ, ಅಷ್ಟೇ. ಎದುರಿಗೆ ಕೂತವರು ಚಹಾ ಕುಡಿಯುತ್ತಿದ್ದರಂತೂ ಇನ್ನಷ್ಟು ತುಂಬುತ್ತಿದ್ದ. ಅವನ ಹೆಂಡತಿ ಕಮರುನ್ನಿಸಾ ಈ ಕಾರಣಕ್ಕೇ ಮನೆಗೆ ಬಂದವರಿಗೆ ಆದಷ್ಟು ಸಣ್ಣ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದಳು.

ಎರಡು ಸಾವಿರದ ಐದನೆಯ ಇಸವಿಯ ಚಳಿಗಾಲದಲ್ಲಿ ಅವರ ಮಗಳು ನಾಜಮೀನಳನ್ನು ನೋಡಲು ಸವಡಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಸಾಜೀದ ರೋಣದಲ್ಲಿ ಮೊಬೈಲಿನ ಸಣ್ಣ ಅಂಗಡಿ ಇಟ್ಟಿದ್ದ. ಅವನ ತಂದೆ ದಾವಲಸಾಬ ಉಳ್ಳಾಗಡ್ಡಿ ವ್ಯಾಪಾರಿ. ದೊಡ್ಡ ಮೀಸೆ, ದೊಡ್ಡ ದನಿ. ದಾವಲಸಾಬನ ತಾಯಿ ರಸೂಲಬಿಯೂ ಬಂದಿದ್ದಳು. ಹಣ್ಣು ಹಣ್ಣು ಮುದುಕಿ. ಮೂಲೆಯಲ್ಲಿ ಚಾಪೆಯ ಮೇಲೆ ಕೂತು, ಕೊಟ್ಟ ಚಹಾವನ್ನೂ ಮುಟ್ಟದೆ, ತೂಕಡಿಸುತ್ತಿದ್ದಳು. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದು ಓಣಿಯಲ್ಲಿ ಹೋಗುವ ಕುರುಡನಿಗೂ ಕಾಣುವಂತಿತ್ತು. ಉಳಿದದ್ದು ಹಿರಿಯರ ಮಾತು ಮಾತ್ರ.

“ನಾವು ಸವಡಿಯಾಗ ಏಳ ತಲಿಯಿಂದ ಅದೀವ್ರಿ,” ಎಂದ ದಾವಲಸಾಬ. “ಮುತ್ತಜ್ಜ ಕಟ್ಟಿಸಿದ ಮನ್ಯಾಗ ಇನ್ನೂ ಅದೀವಿ. ನಿಮ್ದು ಮೂಲ ಯಾವೂರ್ರಿ?”

ಕಾಶೀಂಸಾಬನ ವಂಶದ ಇತಿಹಾಸ ಬಹಳ ಚಿಕ್ಕದು. ಅವನ ಅಜ್ಜ ಗಜೇಂದ್ರಗಡದ ಆಚೆ ಓಣಿಯಲ್ಲಿ ಬಾಡಿಗೆಗೆ ಇದ್ದ. ಅಪ್ಪ ಈಚೆ ಓಣಿಗೆ ಬಂದ. ಅದಕ್ಕಿಂತ ಹಿಂದೆ ಏನಿತ್ತೋ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಹೇಳಿ ಮುಗಿಸಲು ಅರ್ಧ ಕಪ್ಪು ಚಹಾ ಕೂಡ ಬೇಕಾಗಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ.

“ನಮ್ದು ಮೂಲ ಹಾಳಪ್ಯಾಟಿರಿ. ಎರಡ ಅಂತಸ್ತಿನ ವಾಡೆ ಇತ್ತು. ಏನ ಮಾಡೂದು, ಕಾಲ ಬದಲಾತು.”

ಹಾಳಪೇಟೆ ಎಂದರೆ ಗುಡ್ಡದ ಆಚೆ ಜಾಲಿ, ಕವಳಿ ಗಿಡಗಳ ಅಡವಿಯೊಳಗೆ ಬಿದ್ದಿರುವ ಒಂದು ಊರಿನ ಅವಶೇಷ. ಹಿಂದೆ ಪ್ಲೇಗು ಬಂದಾಗ ಜನ ಸತ್ತವರು ಸತ್ತು, ಉಳಿದವರು ಬಿಟ್ಟುಹೋದ ಪೇಟೆ. ಕುರಿ ಕಾಯುವವರೂ ಅಲ್ಲಿ ರಾತ್ರಿ ತಂಗುವುದಿಲ್ಲ. ಅಲ್ಲ ಎನ್ನುವುದಕ್ಕೆ ಅಲ್ಲಿ ಒಬ್ಬನೂ ಉಳಿದಿಲ್ಲ ಎಂಬ ಒಂದೇ ಗುಣಕ್ಕಾಗಿ ಕಾಶೀಂಸಾಬ ಆ ಊರನ್ನು ಆರಿಸಿಕೊಂಡಿದ್ದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮೂಲೆಯ ಮುದುಕಿ ಕಣ್ಣು ತೆರೆದಳು.

“ಹಾಳಪ್ಯಾಟ್ಯಾಗ ಎಲ್ಲಿ?”

“ನಟ್ಟನಡು ಪ್ಯಾಟ್ಯಾಗರಿ, ಅಮ್ಮಾ.”

“ಬಾಗಲಾ ಯಾ ಕಡಿಗೆ?”

“ಮೂಡಲಕ್ಕರಿ. ಹೊತ್ತ ಹುಟ್ಟಿದ್ರ ಸೀದಾ ಪಡಸಾಲ್ಯಾಗ ಬಿಸಲು!”

ಮುದುಕಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, “ದಾವಲ್ಯಾ, ಇವರ ಮೂಲ ಮನಿ ನೋಡೂಣು. ನೋಡಿದ ಮ್ಯಾಲ ಮುಂದಿನ ಮಾತು,” ಎಂದಳು. ಮನೆಯಲ್ಲಿ ಆಕೆ ಮಾತಾಡುವುದೇ ಅಪರೂಪವಂತೆ. ಅದಕ್ಕಾಗಿಯೇ ಆಕೆ ಆಡಿದ್ದನ್ನು ಯಾರೂ ಮೀರುತ್ತಿರಲಿಲ್ಲವಂತೆ. ಬರುವ ಶುಕ್ರವಾರ ನಮಾಜು ಮುಗಿಸಿ ಹೋಗುವುದೆಂದು ನಿಶ್ಚಯವಾಯಿತು.

ಅವರ ಗಾಡಿ ಓಣಿ ದಾಟುವುದಕ್ಕೂ ಕಮರುನ್ನಿಸಾ ಹೊರಗೆ ಬರುವುದಕ್ಕೂ ಸರಿಹೋಯಿತು.

“ಎರಡ ಅಂತಸ್ತಿನ ವಾಡೆ! ಮಳಿ ಬಂದ್ರ ಈ ಮನ್ಯಾಗ ಕುಂದ್ರಾಕ ಒಣಾ ಜಾಗಾ ಇಲ್ಲ. ಈಗ ವಾಡೆ ಎಲ್ಲಿಂದ ತರಾವ್ರು? ಹುಡಿಗಿ ಎರಡ ದಿನಾತು ನಗಾಕ ಹತ್ತಿತ್ತು, ಅದನ್ನೂ ಕೆಡಿಸಿದ್ರಿ.”

ಸಾಜೀದ ಕುಡಿದಿಟ್ಟ ಕಪ್ಪನ್ನು ನಾಜಮೀನ ತೊಳೆದು, ಒರೆಸಿ, ಮತ್ತೆ ತೊಳೆದಳು. ಅದನ್ನು ನೋಡಿದ ಕಾಶೀಂಸಾಬ ಎದ್ದು ಪಕ್ಕದ ಮನೆಗೆ ಹೋದ.

ಪಕ್ಕದಲ್ಲಿ ಅವನ ಬಾಲ್ಯದ ಗೆಳೆಯ ಫಕ್ಕೀರಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಎಲ್ಲವನ್ನೂ ಕೇಳಿ, ಮಗ್ಗದ ಕುಣಿಯಿಂದ ಕಾಲು ಎತ್ತದೆಯೇ ಅವನು ಸಲಹೆ ಕೊಟ್ಟ: “ಅಷ್ಟಕ್ಯಾಕ ಹೆದರ್ತಿಯಲೇ? ಅಲ್ಲಿ ಯಾವ ದೊಡ್ಡ ಗ್ವಾಡಿ ಕಾಣ್ತೈತಿ, ಅದ ನಂದು ಅನ್ನು. ಸುಳ್ಳ ಅನ್ನಾವ್ರು ಎಲ್ಲಾರೂ ಸತ್ತ ಹೋಗ್ಯಾರ.”

ಈ ಮಾತಿನಿಂದ ಕಾಶೀಂಸಾಬನಿಗೆ ಬಹಳ ಸಮಾಧಾನವಾಯಿತು. ಆದರೆ ಸಲಹೆ ಕೊಟ್ಟ ಬಾಯಿ ಅಲ್ಲಿಗೇ ಸುಮ್ಮನಿರಲಿಲ್ಲ. ಮರುದಿನ ಬೆಳಿಗ್ಗೆಯೇ ಚಹಾದ ಅಂಗಡಿಯಲ್ಲಿ, “ವಾಡೇದ ಸಾಹೇಬ್ರಿಗೆ ಒಂದ ಕಟ್ ಚಾ,” ಎಂದು ಕೂಗು ಬಿತ್ತು. ಗಾದಿಯ ಹತ್ತಿ ಹಿಂಜಿಸಲು ಬಂದ ಹೆಂಗಸು, ವಾಡೆಯವರು ಇಂಥ ಹರಕು ಗಾದಿ ಮುಟ್ಟುತ್ತಾರೋ ಇಲ್ಲವೋ ಎಂದು ಅನುಮಾನಿಸಿ ವಾಪಸು ಒಯ್ದಳು. ಬುಧವಾರ ನರೇಗಲ್ಲಿನಿಂದ ಅವನ ಅಕ್ಕ ಕಾಶೀಂಬಿ, ಕೈಚೀಲ ಹಿಡಿದು, ಅಳುತ್ತಲೇ ಬಸ್ಸಿನಿಂದ ಇಳಿದಳು.

“ಒಡಹುಟ್ಟಿದಾಕಿಗೆ ಒಂದ ಮಾತ ಹೇಳಲಿಲ್ಲಲ್ಲೋ! ಅಜ್ಜನ ವಾಡೆ ಇದ್ದದ್ದು ಬಸ್ಸಿನ ಕಂಡಕ್ಟರ್‌ನಿಂದ ತಿಳೀಬೇಕೇನು ನನಗ? ನನ್ನ ಪಾಲ ಎಲ್ಲಿ?”

“ಅಕ್ಕಾ, ವಾಡೆ ಇಲ್ಲ.”

“ಮಾರಿದಿ?”

ಕಾಶೀಂಸಾಬ ತಲೆಯ ಮೇಲೆ ಕೈ ಹೊತ್ತು ಕೂತ. ಇಲ್ಲದ ವಾಡೆಯನ್ನು ಮಾರಿಲ್ಲವೆಂದು ನಂಬಿಸಲು ರಾತ್ರಿಯೆಲ್ಲ ಹಿಡಿಯಿತು. ಅಕ್ಕ ನಂಬಲಿಲ್ಲ. ಶುಕ್ರವಾರ ತಾನೂ ಬರುವುದಾಗಿ ಹೇಳಿ ಮಲಗಿದಳು.

ಶುಕ್ರವಾರ ಸವಡಿಯವರ ಗಾಡಿ ದಾರಿಯಲ್ಲಿ ಪಂಕ್ಚರಾಯಿತು. ಅದು ಗಜೇಂದ್ರಗಡ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕಾಶೀಂಸಾಬನ ಮುಖದಲ್ಲಿ ಆ ವಾರದ ಮೊದಲ ಬೆಳಕು ಕಂಡಿತು.

“ಛೇ, ಛೇ, ಕತ್ತಲಾತಲ್ರಿ ಬೀಗರ! ಅಡವಿ, ಹುಳಾಹುಪ್ಪಡಿ... ಇನ್ನೊಮ್ಮೆ ನೋಡೂಣಂತ.”

ಗಾಡಿಯೊಳಗಿಂದ ರಸೂಲಬಿಯ ದನಿ ಬಂತು: “ಕತ್ತಲಾದ್ರ ಏನಾತು? ನನಗ ಇನ್ನೊಮ್ಮೆ ಅನ್ನೂದು ಐತೋ ಇಲ್ಲೋ. ನಡೀರಿ.”

ಹೀಗೆ, ಮದುವೆಯ ಮಾತುಕತೆಗೆಂದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡ ಒಂದು ಗುಂಪು, ಡಾಂಬರು ರಸ್ತೆ ಬಿಟ್ಟು, ಗುಡ್ಡದ ಮಗ್ಗುಲಿನ ಕಾಲುದಾರಿ ಹಿಡಿಯಿತು. ಕಂದೀಲು ಹಿಡಿದು ಫಕ್ಕೀರಪ್ಪ ಮುಂದೆ. ಮೊಬೈಲಿನ ತುದಿಯ ಸಣ್ಣ ಬ್ಯಾಟರಿ ಬಿಡುತ್ತ, ಅಜ್ಜಿಯ ರಟ್ಟೆ ಹಿಡಿದು ಸಾಜೀದ ನಡುವೆ. ದಾವಲಸಾಬ, ಕಾಶೀಂಬಿ ಹಿಂದೆ. ಮನೆಯ ಯಜಮಾನನಾದ ಕಾಶೀಂಸಾಬ ಎಲ್ಲರಿಗಿಂತ ಹಿಂದೆ ಇದ್ದ. ಕಮರುನ್ನಿಸಾ ಮಗಳ ಜೊತೆ ಮನೆಯಲ್ಲೇ ಉಳಿದಿದ್ದಳು. ಗಂಡ ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು: “ಬಾಯಿ ಮುಚ್ಚಿಕೊಂಡ ಹೋಗಿ, ಬಾಯಿ ಮುಚ್ಚಿಕೊಂಡ ಬರ್ರಿ.”

ಅಡವಿಯೊಳಗೆ ಗಾಳಿ ಇರಲಿಲ್ಲ. ಒಂದು ತಿರುವು ದಾಟಿದ ಮೇಲೆ ಕಾಲ ಕೆಳಗಿನ ಮಣ್ಣು ಗಟ್ಟಿಯಾಯಿತು, ಹಾಸುಗಲ್ಲು ಹತ್ತಿತು. ಕಂದೀಲಿನ ಬೆಳಕಿಗೆ ಎರಡೂ ಕಡೆ ಮೊಣಕಾಲೆತ್ತರ, ಎದೆಯೆತ್ತರ ಗೋಡೆಗಳು ಕಂಡವು. ಅದು ಬೀದಿ. ಒಂದು ಮನೆಯ ಪಡಸಾಲೆಯಲ್ಲಿ ಬೇವಿನ ಮರ ಬೆಳೆದು ನಿಂತಿತ್ತು. ಒಂದು ಕಟ್ಟೆಯ ಮೇಲೆ ಒರಳುಕಲ್ಲು, ಯಾರೋ ಈಗಷ್ಟೇ ಎದ್ದುಹೋದಂತೆ, ತನ್ನ ಜಾಗದಲ್ಲೇ ಇತ್ತು. ಮಾಡು ಇಲ್ಲದ ಮಸೀದಿಯ ಕಮಾನಿನೊಳಗಿಂದ ಬಾವಲಿಗಳು ಹಾರಿದವು. ದೂರದಲ್ಲಿ ನರಿ ಊಳಿಟ್ಟಿತು. ಫಕ್ಕೀರಪ್ಪ ಕೂಡ ಮಾತಾಡಲಿಲ್ಲವೆಂದರೆ ಆ ಜಾಗ ಎಂಥದ್ದೆಂದು ತಿಳಿಯಬಹುದು.

“ನಿಮ್ದು ಯಾವುದ್ರಿ?” ಎಂದು ದಾವಲಸಾಬ ಕೇಳಿದ. ಅವನ ದೊಡ್ಡ ದನಿಯೂ ಅಲ್ಲಿ ಸಣ್ಣಗಾಗಿತ್ತು.

ಬೀದಿಯ ನಡುವೆ ಒಂದು ಗೋಡೆ ಉಳಿದೆಲ್ಲಕ್ಕಿಂತ ಎತ್ತರಕ್ಕೆ ನಿಂತಿತ್ತು. ಕಾಶೀಂಸಾಬ ಬೆರಳು ಚಾಚಿದ. “ಅದ... ಅದ ನೋಡ್ರಿ!” ಎಂದು ವಾರಸುದಾರನ ಗತ್ತಿನಿಂದ ಮುನ್ನುಗ್ಗಿದ.

“ಎಡಕ್ಕ ಹಾಯಪ್ಪಾ, ಅಲ್ಲಿ ಹಗೇವು ಐತಿ,” ಎಂದು ರಸೂಲಬಿ ಕೂಗಿದಳು.

ಕೂಗು ಮುಗಿಯುವಷ್ಟರಲ್ಲಿ ಕಾಶೀಂಸಾಬ ಕಾಣಲಿಲ್ಲ. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಅರ್ಧ ಮಣ್ಣು ಬಿದ್ದು ತುಂಬಿದ್ದರಿಂದ ಅವನ ತಲೆ ಮಾತ್ರ ನೆಲದ ಸಮಕ್ಕೆ ಉಳಿದಿತ್ತು. ಆ ತಲೆ ಒಮ್ಮೆ ಕೆಮ್ಮಿ, ಸುತ್ತ ನೋಡಿ, “ನಮ್ಮ ಅಜ್ಜನ ಹಗೇವರಿ. ಎಷ್ಟ ಆಳ ಐತಿ ನೋಡೂಣಂತ ಇಳಿದೆ,” ಎಂದಿತು.

ಅವನನ್ನು ಎಳೆದು ತೆಗೆದರು. ಮೈಯೆಲ್ಲ ಕೆಂಪು ಮಣ್ಣು. ಅದನ್ನು ಕೊಡವುತ್ತಲೇ ಅವನು ಎತ್ತರದ ಗೋಡೆಯ ಹತ್ತಿರ ಹೋಗಿ, ಇಲ್ಲಿ ಪಡಸಾಲೆ, ಇಲ್ಲಿ ಅಡುಗೆಮನೆ, ಇಲ್ಲಿ ಅಜ್ಜ ಪಗಡೆ ಆಡುತ್ತಿದ್ದದ್ದು ಎಂದು ತೋರಿಸತೊಡಗಿದ. ತಮ್ಮ ಹೇಳಿದ್ದನ್ನೆಲ್ಲ ಕಾಶೀಂಬಿ ಹೆಜ್ಜೆಯಿಂದ ಅಳೆಯುತ್ತ, “ಈ ಅಡಗಿಮನಿ ನನಗಿರ್ಲಿ,” ಎಂದಳು. ದಾವಲಸಾಬ ಮೀಸೆ ತಿರುವುತ್ತ ತಲೆದೂಗುತ್ತಿದ್ದ. ಎಲ್ಲವೂ ಚೆನ್ನಾಗಿ ನಡೆದಿತ್ತು. ಅಷ್ಟರಲ್ಲಿ ಕಮಾನಿನ ಕಡೆಯಿಂದ ದೊಡ್ಡ ಬ್ಯಾಟರಿಯ ಬೆಳಕು ಅವರ ಮುಖಕ್ಕೆ ಬಿತ್ತು.

“ಯಾರಲೇ ಅದು! ಅಲ್ಲೇ ನಿಂದರ್ರಿ!”

ಅರಣ್ಯ ಇಲಾಖೆಯ ಗಾರ್ಡು. ಖಾಕಿ ಕೋಟು, ಕಿವಿಗೆ ಸುತ್ತಿದ ಮಫ್ಲರು, ಕೈಯಲ್ಲಿ ಬಡಿಗೆ. ಬೆಳಕನ್ನು ಒಬ್ಬೊಬ್ಬರ ಮೇಲೂ ಹಾಯಿಸಿ ಕೊನೆಗೆ ಕೆಂಪು ಮಣ್ಣಿನ ಕಾಶೀಂಸಾಬನ ಮೇಲೆ ನಿಲ್ಲಿಸಿದ.

“ನಿಧಿ ತಗ್ಯಾಕ ಬಂದೀರೇನು? ಹೆಣ್ಮಕ್ಕಳನ್ನ ಬ್ಯಾರೆ ಕರಕೊಂಡ ಬಂದೀರಿ. ಬಲಿ ಯಾರ್ನ ಕೊಡಾವ್ರು?”

ಕಾಶೀಂಬಿ ಚೀರಿ ಫಕ್ಕೀರಪ್ಪನ ಹಿಂದೆ ಅಡಗಿದಳು.

“ನಿಧಿ ಅಲ್ರಿ ಸಾಹೇಬ್ರ,” ಎಂದ ಕಾಶೀಂಸಾಬ. “ನಾವು ಸಂಬಂಧ ನೋಡಾಕ ಬಂದೀವ್ರಿ.”

“ಇಲ್ಲಿ? ಹೆಣ್ಣ ಯಾವುದು, ದೆವ್ವೇನು?”

“ಸಾಹೇಬ್ರ, ಇದು ಇವರ ಅಜ್ಜನ ವಾಡೇರಿ,” ಎಂದು ದಾವಲಸಾಬ ಗೌರವದಿಂದ ಪರಿಚಯಿಸಿದ.

ಗಾರ್ಡಿನ ಮುಖ ಅರಳಿತು. “ಹೌದಾ? ಚಲೋ ಆತು ನೋಡ್ರಿ. ಇಲ್ಲಿ ಯಾರೋ ಗ್ವಾಡಿ ಬುಡಾ ಅಗದ ಹೋಗ್ಯಾರ. ಮ್ಯಾಲಿನವ್ರು ದಿನಾ ನನ್ನ ಬೈಯಾಕ ಹತ್ಯಾರ. ಈ ಜಾಗಾ ನಂದು ಅನ್ನಾಂವ ಒಬ್ಬ ಸಿಕ್ರ ಸಾಕಾಗಿತ್ತು ನನಗ. ಸರಕಾರದ ಅಡವ್ಯಾಗ ಮನಿ ಇಟಗೊಂಡದ್ದಕ್ಕ ಒಂದ ಕೇಸು, ಅಗದದ್ದಕ್ಕ ಒಂದ ಕೇಸು. ನಡೀರಿ ಸ್ಟೇಶನ್ನಿಗೆ.”

“ಹಂಗಾರ ಇದು ನಮ್ದಲ್ರಿ,” ಎಂದ ಕಾಶೀಂಸಾಬ ತಡವಿಲ್ಲದೆ.

“ಏನಂದ್ರಿ ಬೀಗರ?” ದಾವಲಸಾಬನ ಕೈ ಮೀಸೆಯ ಮೇಲೇ ನಿಂತಿತು.

“ನಮ್ದರಿ, ನಮ್ದ ಐತ್ರಿ.”

“ನಿಂದ ಹೌದಲಾ?” ಗಾರ್ಡು ಬಡಿಗೆ ಕುಟ್ಟಿದ.

“ಅಲ್ರಿ, ಸಾಹೇಬ್ರ.”

“ಅಲ್ಲಾ?” ದಾವಲಸಾಬ.

ಒಂದು ಕಡೆ ಮಗಳ ಮದುವೆ, ಇನ್ನೊಂದು ಕಡೆ ಜೈಲು. ನಡುವೆ, ತನ್ನದಲ್ಲದ ಗೋಡೆಗೆ ಬೆನ್ನು ಹಚ್ಚಿ ಕಾಶೀಂಸಾಬ. ಅವನ ತಲೆ ಆ ಕಡೆ ತಿರುಗಿದಾಗ ಹೌದು ಎನ್ನುತ್ತಿತ್ತು, ಈ ಕಡೆ ತಿರುಗಿದಾಗ ಇಲ್ಲ ಎನ್ನುತ್ತಿತ್ತು. ಗೆಳೆಯನ ಅವಸ್ಥೆ ನೋಡಲಾರದೆ ಫಕ್ಕೀರಪ್ಪ, “ಸಾಹೇಬ್ರ, ರಾತ್ರಿ ಇವಂದು, ಹಗಲ ಸರಕಾರದ್ದು ಅಂತ ಬರಕೋರಿ, ಮುಗೀತು,” ಎಂದ. ಕಾಶೀಂಬಿ ಅವನ ಬೆನ್ನ ಹಿಂದಿನಿಂದಲೇ, “ನನಗ ಪಾಲ ಬ್ಯಾಡ್ರಿ. ಅಡಗಿಮನಿನೂ ಬ್ಯಾಡ್ರಿ. ನಾ ನರೇಗಲ್ಲದಾಕಿ,” ಎಂದು ಹಕ್ಕು ಬಿಟ್ಟುಕೊಟ್ಟಳು.

“ಸಾಹೇಬಾ,” ಎಂಬ ದನಿ ಕತ್ತಲೊಳಗಿಂದ ಬಂತು. “ಅಂವನ್ನ ಬಿಡು. ಮನಿ ನಂದು.”

ಬೆಳಕು ಅತ್ತ ತಿರುಗಿತು. ಈ ಗದ್ದಲದಲ್ಲಿ ರಸೂಲಬಿಯನ್ನು ಎಲ್ಲರೂ ಮರೆತಿದ್ದರು. ಹಗೇವಿನ ಆಚೆ ಮೊಣಕಾಲೆತ್ತರದ ಒಂದು ಗೋಡೆ, ಅದರ ನಡುವೆ ಸವೆದ ಹೊಸ್ತಿಲುಗಲ್ಲು. ಮುದುಕಿ ಚಪ್ಪಲಿ ಬಿಟ್ಟು ಆ ಹೊಸ್ತಿಲ ಒಳಗೆ ನೆಲದ ಮೇಲೆ ಕೂತಿದ್ದಳು. ಅಂಗೈಯಿಂದ ನೆಲ ಸವರುತ್ತಿದ್ದಳು.

“ಆ ದೊಡ್ಡ ಗ್ವಾಡಿ ವಾಡೇದಲ್ಲ. ಅದು ಚಾವಡಿ. ಕಡೀಕ ಜಡ್ಡ ಬಂದಾವ್ರನ್ನ ಎಲ್ಲಾ ಅಲ್ಲೇ ಮಲಗಿಸಿದ್ರು. ಇದು ನಮ್ಮ ಮನಿ. ಆ ಹಗೇವು ನಮ್ಮಪ್ಪಂದು. ಜ್ವಾಳ ತುಂಬಿ ಮುಚ್ಚಿದ್ದ. ತಗಿಯೂ ಹೊತ್ತಿಗೆ ತಿನ್ನಾವ್ರ ಉಳೀಲಿಲ್ಲ.”

ಪಗಡೆ ಆಡುತ್ತಿದ್ದ ಅಜ್ಜನ ಜಾಗದಿಂದ ಕಾಶೀಂಸಾಬ ಮೆಲ್ಲಗೆ ಪಕ್ಕಕ್ಕೆ ಸರಿದ.

“ಅವ್ವಾ, ಏನ ಮಾತಾಡ್ತಿ? ನೀ ಲಕ್ಕಲಕಟ್ಟಿಯಾಕಿ,” ಎಂದ ದಾವಲಸಾಬ.

“ಹಂಗ ಅನ್ನು ಅಂದಿದ್ರು, ಅಂದೆ. ಮೊದಲ ಇಲಿ ಬಿದ್ದೂವು. ಆಮ್ಯಾಲ ನನ್ನ ತಮ್ಮ. ಆಮ್ಯಾಲ ಅವ್ವ. ಮಣ್ಣ ಮಾಡಾಕ ಓಣ್ಯಾಗ ನಾಕ ಮಂದಿ ಇದ್ದಿಲ್ಲ. ಅಪ್ಪ ಒಬ್ಬನ ಹೊತಗೊಂಡ ಹೋದ. ಅವನ ಪಾಳಿ ಬಂದಾಗ ಹೊರಾಕ ಅವನೂ ಇದ್ದಿಲ್ಲ. ನಮ್ಮ ಸ್ವಾದರಮಾವ ಬಂದಾವ್ನ ನನ್ನ ಕಂಬಳ್ಯಾಗ ಸುತ್ತಿ ಲಕ್ಕಲಕಟ್ಟಿಗೆ ಒಯ್ದ. ಹಾಳಪ್ಯಾಟಿ ಹುಡಿಗಿ ಅಂದ್ರ ಯಾರ ಮನಿ ತುಂಬಿಸಿಕೊಂತಾರ? ನಿಮ್ಮಪ್ಪನ ಮುಂದೂ ನಾ ಬಾಯಿ ಬಿಟ್ಟಿಲ್ಲ, ದಾವಲ್ಯಾ. ಈ ಊರಿಗೂ ಒಂದ ಹೆಸರಿತ್ತು. ನೂರಾಪೂರ ಅಂತಿದ್ರು.”

ದಾವಲಸಾಬ ಏಳು ತಲೆಮಾರಿನ ಮೀಸೆಯಿಂದ ಕೈ ತೆಗೆದ. ತಾಯಿಯ ಹತ್ತಿರ ಹೋಗಬೇಕೋ ಬೇಡವೋ ತಿಳಿಯದೆ ಹೊಸ್ತಿಲ ಹೊರಗೇ ನಿಂತ. ಸಾಜೀದ ಒಳಗೆ ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತ.

ಗಾರ್ಡು ಬ್ಯಾಟರಿ ಆರಿಸಿದ. ಮಫ್ಲರು ಬಿಚ್ಚಿ, ಮತ್ತೆ ಸುತ್ತಿಕೊಂಡ. “ಎಷ್ಟೊತ್ತರ ಕುಂದ್ರು ಅಜ್ಜಿ,” ಎಂದ. “ಬೆಂಕಿ ಮಾತ್ರ ಹಚ್ಚಬ್ಯಾಡ್ರಿ. ಇಲ್ಲಿ ತ್ವಾಳ ತಿರಗತಾವ, ನಾ ಆ ಕಮಾನಿನ ಹಂತ್ಯಾಕ ಇರ್ತೀನಿ.” ಅವನು ಹೋದಮೇಲೂ ಬಹಳ ಹೊತ್ತು ಅವನ ಬೀಡಿಯ ಕೆಂಡ ಕಾಣುತ್ತಿತ್ತು.

ಕಾಶೀಂಸಾಬ ಹೊಸ್ತಿಲ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ಅಮ್ಮಾ, ತಪ್ಪಾತು. ನಮಗ ಇಲ್ಲಿ ಯಾವ ವಾಡೆನೂ ಇದ್ದಿಲ್ರಿ. ನಮ್ಮಜ್ಜ ಬಾಡಿಗಿ ಮನ್ಯಾಗಿದ್ದ. ನನ್ನ ಸಲವಾಗಿ ಹುಡಿಗೀನ ಬ್ಯಾಡ ಅನಬ್ಯಾಡ್ರಿ.”

“ಗೊತ್ತಿತ್ತು,” ಎಂದಳು ಮುದುಕಿ. “ಮೂಡಲ ಬಾಗಲಾ ಅಂದಿ. ಮೂಡಲಕ್ಕ ಗುಡ್ಡ ಐತಿ. ಈ ಊರಾಗ ಒಂದೂ ಮೂಡಲ ಬಾಗಲಾ ಇದ್ದಿಲ್ಲ.”

“ಗೊತ್ತಿದ್ದೂ ಬಂದ್ರ್ಯಾ?”

“ಏನಂತ ಹೇಳಿ ಬರಬೇಕಾಗಿತ್ತು ನಾನು? ಇಷ್ಟ ವರ್ಷದಾಗ ಈ ಊರ ನಮ್ದು ಅಂದಾಂವ ನೀ ಒಬ್ಬನ. ಸುಳ್ಳರ ಆಗ್ಲಿ, ಅಂದ್ಯಲ್ಲ.” ಆಕೆ ಅವನ ತೋಳಿನ ಮಣ್ಣು ಕೊಡವಿದಳು. “ಇನ್ನ ಅಲ್ಲ ಅನಬ್ಯಾಡ. ಇವತ್ತಿಂದ ನೀ ನನ್ನ ತವರಮನ್ಯಾಂವ. ಹುಡಿಗಿ ನಮ್ಮ ಮನಿಗೆ ಬರ್ಲಿ.”

ಮದುವೆ ಆಯಿತು. ಸುಳ್ಳು ಹೇಳಿ ಮಗಳಿಗೆ ಗಂಡನನ್ನು ಪಡೆದೆನೆಂದು ಕಾಶೀಂಸಾಬ ಒಳಗೊಳಗೇ ಹಿಗ್ಗಿದ. ಆದರೆ ತವರುಮನೆ ಎಂಬುದು ಬರಿಯ ಹೆಸರಲ್ಲವೆಂದು ಅವನಿಗೆ ಬೇಗನೆ ತಿಳಿಯಿತು. ಬಾಯಿ ಕಟ್ಟಿಕೊಂಡು ಬದುಕಿದ್ದ ಮುದುಕಿಗೆ ಈಗ ದೂರು ಹೇಳಲು ಒಂದು ಜಾಗ ಸಿಕ್ಕಿತ್ತು. ದಾವಲಸಾಬನ ಹೆಂಡತಿ ಸಾರಿಗೆ ಉಪ್ಪು ಹೆಚ್ಚು ಹಾಕಿದರೆ ಗಜೇಂದ್ರಗಡಕ್ಕೆ ಫೋನು. ಮಗ ಎದುರು ಮಾತಾಡಿದರೆ ಫೋನು. “ನಮ್ಮ ತವರಮನ್ಯಾಂವ ಬರ್ಲಿ, ಆಮ್ಯಾಲ ಊಟ,” ಎಂದು ತಾಟು ಸರಿಸಿ ಕೂತಳೆಂದು ಕಾಶೀಂಸಾಬ ಅರ್ಧ ಹೊಲಿದ ಗಾದಿ ಬಿಟ್ಟು ಬಸ್ಸು ಹತ್ತುತ್ತಿದ್ದ. ಹೋದರೆ ತಡವಾಗಿ ಬಂದದ್ದಕ್ಕೆ ಬೈಗಳು. ಹಬ್ಬಕ್ಕೆ ತಂದ ಬಳೆ ಸಣ್ಣದಾಯಿತೆಂದು ಬೈಗಳು. ಫಕ್ಕೀರಪ್ಪ ನೇಯ್ದ ಸೀರೆಯ ಅಂಚು ಮುದುಕಿಯರಿಗೆ ಒಪ್ಪುವಂಥದ್ದಲ್ಲವೆಂದು ಇಬ್ಬರಿಗೂ ಬೈಗಳು. ಬೈದ ಮೇಲೆ ಅದೇ ಬಳೆ ಹಾಕಿಕೊಂಡು, ಅದೇ ಸೀರೆ ಉಟ್ಟು, ಓಣಿಯ ಹೆಂಗಸರಿಗೆ ತೋರಿಸಿ ಬರುತ್ತಿದ್ದಳಂತೆ. ನಾಜಮೀನ ಇದನ್ನು ಹೇಳಿ ನಗುತ್ತಿದ್ದಳು. “ಅಪ್ಪಾ, ನೀವು ನನ್ನ ನೋಡಾಕ ಬರ್ತೀರೋ, ಅಜ್ಜೀನ ನೋಡಾಕ ಬರ್ತೀರೋ?” ಎಂದು ಕೇಳುತ್ತಿದ್ದಳು.

ಮರುವರ್ಷ ಮಳೆಗಾಲದ ಒಂದು ಬೆಳಿಗ್ಗೆ ಫೋನು ಬಂತು. ಆ ಕಡೆ ಸಾಜೀದ ಇದ್ದ.

“ಮಾಮಾ, ಅಜ್ಜಿ ಹೋದ್ಲರಿ.” ಸ್ವಲ್ಪ ತಡೆದು ಹೇಳಿದ: “ಕಡೀ ಅರಿಬಿ ತವರಮನಿಯಿಂದ ಬರಬೇಕಂತರಿ. ಎಲ್ಲಾರೂ ಕಾಯಾಕ ಹತ್ಯಾರ.”

ಕಾಶೀಂಸಾಬ ಫಕ್ಕೀರಪ್ಪನನ್ನು ಕರೆದುಕೊಂಡು ಅರಿವೆ ಅಂಗಡಿಗೆ ಹೋದ. ಅಂಗಡಿಯವನು ಬಿಳಿಯ ಬಟ್ಟೆ ಹರಿಯುವಾಗ ಆ ಸದ್ದಿಗೆ ಕಾಶೀಂಸಾಬ ಮುಖ ಆಚೆ ಮಾಡಿದ. ಇಬ್ಬರೂ ರೋಣದ ಬಸ್ಸು ಹತ್ತಿದರು.

ಸವಡಿಯ ಆ ಓಣಿಯಲ್ಲಿ ಬೇರೆ ಬೇರೆ ಊರಿನ ಜನ ಕಿಕ್ಕಿರಿದಿದ್ದರು. ಗಾದಿ ಹೊಲಿಯುವ ಈ ಮನುಷ್ಯನನ್ನು ಯಾರೂ ಗುರುತಿಸಲಿಲ್ಲ. ಮುಂದೆ ಹೋಗಲು ನೋಡಿದಾಗ ಯಾರೋ ಒಬ್ಬ ಮುದುಕ ಕೈ ಅಡ್ಡ ಇಟ್ಟು, “ನೀವ್ಯಾರ್ರಿ? ಒಳಗ ಹೆಣ್ಮಕ್ಕಳದಾರ,” ಎಂದು ತಡೆದ. ಕಾಶೀಂಸಾಬ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಎತ್ತಿ ತೋರಿಸಿದ.

ಬಾಗಿಲಲ್ಲಿ ದಾವಲಸಾಬ ಎದ್ದು ನಿಂತ. ಅಳುವಿನಿಂದ ಕಣ್ಣುಗಳು ಬಾತಿದ್ದವು. ಓಣಿಯ ತುದಿಯವರೆಗೂ ಕೇಳುವಂತೆ ಅವನು ಕೂಗಿದ:

“ದಾರಿ ಬಿಡ್ರಿ. ನಮ್ಮ ಅವ್ವನ ತವರಮನ್ಯಾವ್ರು ಬಂದಾರ.”

ಜನ ಎರಡೂ ಕಡೆ ಸರಿದರು. ಕಾಶೀಂಸಾಬ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಒಳಗೆ ಹೋದ.